ಪ್ರೇಕ್ಷಕರಿಲ್ಲದೆ ಗೆದ್ದ ಬಲ್ದಿಯಾ ತಂಡ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕ್ರೀಡೆಯ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಕ್ರೀಡೆಯಿಂದ ಆರೋಗ್ಯ, ಕ್ರೀಡೆಯಿಂದ ಶಿಸ್ತು ಎಂಬ ಮಾತನ್ನು ನೀವು ಪ್ರತಿ ವರ್ಷ ಕೇಳುತ್ತೀರಿ. ಅದು ಸತ್ಯವೇ, ಆದ್ದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಬದಲಿಗೆ ಒಂದು ವಿಚಿತ್ರ ಫುಟ್ಬಾಲ್ ತಂಡದ ಇತಿಹಾಸವನ್ನು ನಿಮ್ಮ ಮುಂದೆ ಇಡುತ್ತೇನೆ. ಆ ತಂಡಕ್ಕೆ ಹಣವಿತ್ತು, ದೊಡ್ಡ ಕ್ರೀಡಾಂಗಣವಿತ್ತು, ಒಳ್ಳೆಯ ಗುರು ಇದ್ದರು. ಕೊನೆಗೆ ಇಡೀ ದೇಶದ ಚಾಂಪಿಯನ್ ಪಟ್ಟವೂ ಸಿಕ್ಕಿತು. ಅದಕ್ಕೆ ಸಿಗದೇ ಹೋದದ್ದು ಜನ ಮಾತ್ರ. ಅದು ಟರ್ಕಿ ದೇಶದ ಇಸ್ತಾಂಬುಲ್ ಮಹಾನಗರ ಪಾಲಿಕೆಯ ತಂಡ.

ನಾನು ಭಾಷಾ ಶಿಕ್ಷಕ, ಆದ್ದರಿಂದ ಮೊದಲು ಒಂದು ಶಬ್ದದಿಂದ ಆರಂಭಿಸುತ್ತೇನೆ. ಉರ್ದುವಿನಲ್ಲಿ ನಗರಸಭೆಗೆ ‘ಬಲ್ದಿಯಾ’ ಎನ್ನುತ್ತೇವೆ. ಹೈದರಾಬಾದಿನಲ್ಲಿ ಇವತ್ತಿಗೂ ಪಾಲಿಕೆಯನ್ನು ಜನ ಬಲ್ದಿಯಾ ಎಂದೇ ಕರೆಯುತ್ತಾರೆ. ಊರು ಎಂಬ ಅರ್ಥದ ಅರಬ್ಬಿ ಶಬ್ದ ‘ಬಲದ್’ನಿಂದ ಬಂದ ಮಾತು ಇದು. ಇದೇ ಶಬ್ದ ಟರ್ಕಿಗೆ ಹೋಗಿ ‘ಬೆಲೆದಿಯೆ’ ಆಗಿದೆ. ನಾವು ಹೇಳುವ ‘ಶಹರ್’ ಅಲ್ಲಿ ‘ಶೆಹಿರ್’. ‘ಬುಯುಕ್’ ಎಂದರೆ ದೊಡ್ಡದು. ಹೀಗೆ ‘ಇಸ್ತಾಂಬುಲ್ ಬುಯುಕ್‌ಶೆಹಿರ್ ಬೆಲೆದಿಯೆಸ್ಪೋರ್’ ಎಂಬ ಉದ್ದನೆಯ ಹೆಸರನ್ನು ನಮ್ಮ ಮಾತಿಗೆ ತಂದರೆ ‘ಇಸ್ತಾಂಬುಲ್ ಮಹಾನಗರ ಬಲ್ದಿಯಾ ಕ್ರೀಡಾ ತಂಡ’ ಎಂದಾಗುತ್ತದೆ. ದೂರದ ದೇಶದ ಹೆಸರಿನಲ್ಲಿ ನಮ್ಮ ಮನೆಯ ಶಬ್ದಗಳೇ ಕುಳಿತಿವೆ. ಎರಡು ಮೂರು ಭಾಷೆ ಕಲಿತವನಿಗೆ ಪ್ರಪಂಚ ಸ್ವಲ್ಪ ಚಿಕ್ಕದಾಗುತ್ತದೆ ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ಈ ತಂಡದ ವಿಚಿತ್ರ ತಿಳಿಯಬೇಕಾದರೆ ಇಸ್ತಾಂಬುಲಿನ ಹಳೆಯ ಮೂರು ಕ್ಲಬ್ಬುಗಳನ್ನು ಮೊದಲು ನೋಡಬೇಕು. ಬೆಶಿಕ್ತಾಶ್ 1903ರಲ್ಲಿ, ಗಲತಸರಾಯ್ 1905ರಲ್ಲಿ, ಫೆನೆರ್‌ಬಾಚೆ 1907ರಲ್ಲಿ ಹುಟ್ಟಿದವು. ಆಗ ಅಲ್ಲಿ ಉಸ್ಮಾನಿ ಸುಲ್ತಾನರ ಆಳ್ವಿಕೆ ಇತ್ತು. ವಿದ್ಯಾರ್ಥಿಗಳೇ, ಗಲತಸರಾಯ್ ಕ್ಲಬ್ಬನ್ನು ಕಟ್ಟಿದವರು ಯಾರು ಗೊತ್ತೇ? ಯಾವ ಮಂತ್ರಿಯೂ ಅಲ್ಲ, ಶ್ರೀಮಂತರೂ ಅಲ್ಲ. ಅದೇ ಹೆಸರಿನ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಅಲಿ ಸಾಮಿ ಯೆನ್ ಮತ್ತು ಅವರ ಸಹಪಾಠಿಗಳು. ನಿಮ್ಮಂಥ ಹುಡುಗರು ಶಾಲೆಯಲ್ಲಿ ಕೂತು ಕಟ್ಟಿದ ಕ್ಲಬ್ಬು ಮುಂದೆ ಯುರೋಪಿನ ಕಪ್ ಗೆದ್ದಿತು. ಬೆಶಿಕ್ತಾಶ್ ಮತ್ತು ಫೆನೆರ್‌ಬಾಚೆ ಕೂಡ ತಮ್ಮ ತಮ್ಮ ಮೊಹಲ್ಲಾಗಳ ಹೆಸರು ಹೊತ್ತ ಕ್ಲಬ್ಬುಗಳು. ಇಸ್ತಾಂಬುಲಿನಲ್ಲಿ ಮಗು ಮಾತು ಕಲಿಯುವ ಮೊದಲೇ ಅದು ಯಾವ ತಂಡದ ಕಡೆ ಎಂದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ತಂದೆಯ ತಂಡ ಮಗನಿಗೆ ಆಸ್ತಿಯಂತೆ ಬರುತ್ತದೆ.

ಇಂಥ ಊರಿನಲ್ಲಿ 1990ರಲ್ಲಿ ಪಾಲಿಕೆ ತನ್ನದೇ ಕ್ರೀಡಾ ಕ್ಲಬ್ಬನ್ನು ಸ್ಥಾಪಿಸಿತು. ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಟರ್ಕಿಯ ಊರೂರಿಗೂ ‘ಬೆಲೆದಿಯೆಸ್ಪೋರ್’ ಎಂಬ ಹೆಸರಿನ ತಂಡಗಳಿವೆ. ಇಸ್ತಾಂಬುಲಿನ ಬಸ್ ಓಡಿಸುವ ಸಂಸ್ಥೆಗೂ ಹಿಂದೆಯೇ ಫುಟ್ಬಾಲ್ ತಂಡವಿತ್ತು. ಮುಂದೆ ದೇಶದ ಪ್ರಧಾನಿಯೂ ಅಧ್ಯಕ್ಷರೂ ಆದ ರೆಜೆಪ್ ತಯ್ಯಿಪ್ ಎರ್ದೊಆನ್ ತಮ್ಮ ಯೌವನದಲ್ಲಿ ಆ ಬಸ್ ಸಂಸ್ಥೆಯ ತಂಡದಲ್ಲಿ ಆಡಿದವರು. ನಮ್ಮ ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಸಾರ್ವಜನಿಕ ಉದ್ದಿಮೆಗಳ ತಂಡಗಳು ಇದ್ದುದನ್ನು ಹಿರಿಯರು ಬಲ್ಲರು. ಆಟಗಾರನಿಗೆ ನೌಕರಿ ಸಿಗುತ್ತಿತ್ತು, ಸಂಸ್ಥೆಗೆ ಹೆಸರು ಬರುತ್ತಿತ್ತು. ಪಾಲಿಕೆಯ ತಂಡವೂ ಹೆಚ್ಚು ಕಡಿಮೆ ಅದೇ ಬಗೆಯದು. ಬಡವರ ಮನೆಯ ಹುಡುಗನಿಗೆ ಬೂಟು, ಮೈದಾನ, ಕೋಚ್ ಎಲ್ಲವೂ ಊರಿನ ಖರ್ಚಿನಲ್ಲಿ ಸಿಗುವುದಾದರೆ ಅದು ಒಳ್ಳೆಯ ಕೆಲಸವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಹೇಳುವ ಮಾತುಗಳನ್ನು ಕೇಳಿ ಪಾಲಿಕೆ ಆಟಕ್ಕೆ ಖರ್ಚು ಮಾಡಬಾರದು ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು.

ಹದಿನಾರು ಹದಿನೇಳು ವರ್ಷ ಈ ತಂಡ ಕೆಳಗಿನ ದರ್ಜೆಗಳಲ್ಲಿ ಆಡುತ್ತಿತ್ತು. 2006ರಲ್ಲಿ ಅಬ್ದುಲ್ಲಾ ಅವ್ಜಿ ಎಂಬ ಕೋಚ್ ಬಂದರು. ಅದರ ಹಿಂದಿನ ವರ್ಷ ಅವರು ಟರ್ಕಿಯ 17 ವರ್ಷದೊಳಗಿನವರ ತಂಡಕ್ಕೆ ಯುರೋಪಿನ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದರು. ಹುಡುಗರನ್ನು ತಿದ್ದುವುದು ಬಲ್ಲ ಮನುಷ್ಯ. ಅವರು ಬಂದ ಮೊದಲ ಋತುವಿನಲ್ಲೇ, ಅಂದರೆ 2007ರಲ್ಲಿ, ತಂಡ ದೇಶದ ಅತ್ಯುನ್ನತ ದರ್ಜೆಯಾದ ಸೂಪರ್ ಲೀಗಿಗೆ ಏರಿತು. 2009-10ರಲ್ಲಿ ಆರನೇ ಸ್ಥಾನ ಬಂತು. 2011ರ ಮೇ ತಿಂಗಳಲ್ಲಿ ಟರ್ಕಿ ಕಪ್ಪಿನ ಫೈನಲ್ ತಲುಪಿ, ಬೆಶಿಕ್ತಾಶ್ ಎದುರು 2-2 ಸಮ ಮಾಡಿಕೊಂಡು, ಪೆನಾಲ್ಟಿಗಳಲ್ಲಿ ಮಾತ್ರ ಸೋತಿತು.

ಆದರೆ ಆಡುತ್ತಿದ್ದದ್ದು ಎಲ್ಲಿ? ಊರ ಹೊರಗಿನ ಅತಾತುರ್ಕ್ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಸುಮಾರು 76 ಸಾವಿರ ಜನ ಕೂರುವ ಜಾಗ ಅದು. 2005ರಲ್ಲಿ ಲಿವರ್‌ಪೂಲ್ ಮತ್ತು ಮಿಲಾನ್ ತಂಡಗಳ ಪ್ರಸಿದ್ಧ ಯುರೋಪಿಯನ್ ಫೈನಲ್ ನಡೆದದ್ದು ಅಲ್ಲೇ. ಅಂಥ ಕ್ರೀಡಾಂಗಣದಲ್ಲಿ ಬಲ್ದಿಯಾ ತಂಡದ ಪಂದ್ಯಕ್ಕೆ ಬರುವವರ ಸಂಖ್ಯೆ ಸಾವಿರ ದಾಟದ ದಿನಗಳೂ ಇದ್ದವು. ನೀವೇ ಕಲ್ಪಿಸಿಕೊಳ್ಳಿ. ಮದುವೆಗೆಂದು ಊರಿನ ಅತಿ ದೊಡ್ಡ ಶಾದಿಮಹಲ್ ಹಿಡಿದು, ಸಾವಿರ ಎಲೆ ಹಾಕಿಸಿ, ಉಣ್ಣಲು ಹತ್ತು ಜನ ಬಂದರೆ ಮನೆಯವರ ಮುಖ ಹೇಗಿರುತ್ತದೆ? ಕೋಟಿಗೂ ಮಿಕ್ಕಿ ಜನರಿರುವ ಊರಿನ ತಂಡ ಅದು. ಕಾಗದದ ಮೇಲೆ ಪ್ರತಿಯೊಬ್ಬ ನಾಗರಿಕನೂ ಅದರ ಮಾಲೀಕ. ಆದರೆ ಅದು ನನ್ನದು ಎನ್ನುವವನು ಮಾತ್ರ ಸಿಗುತ್ತಿರಲಿಲ್ಲ.

ಇಷ್ಟಾದರೂ ಒಂದು ಚಿಕ್ಕ ಗುಂಪು ಹುಟ್ಟಿಕೊಂಡಿತು. ಅವರು ತಮ್ಮನ್ನು ‘ಬೋಜ್ ಬಾಯ್ಕುಶ್‌ಲಾರ್’ ಎಂದು ಕರೆದುಕೊಂಡರು. ಬೂದು ಬಣ್ಣದ ಗೂಬೆಗಳು ಎಂದು ಅದರ ಅರ್ಥ. ಪಾಳು ಬಿದ್ದ ಜಾಗದಲ್ಲಿ ಗೂಬೆ ಇರುತ್ತದೆ ಎಂಬ ನಂಬಿಕೆ ಅಲ್ಲಿಯೂ ಇದೆ. ಕನ್ನಡದಲ್ಲಿ ಒಬ್ಬರ ಮೇಲೆ ಗೂಬೆ ಕೂರಿಸುವುದು ಎಂದರೆ ಅಪವಾದ ಹೊರಿಸುವುದು. ಈ ಜನ ತಾವಾಗಿಯೇ ಗೂಬೆಯನ್ನು ತಲೆಯ ಮೇಲೆ ಕೂರಿಸಿಕೊಂಡರು. ಎಲ್ಲರೂ ನಕ್ಕ ತಂಡಕ್ಕಾಗಿ ತಾವೂ ನಗುತ್ತಲೇ ಕೂಗಿದರು. ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಇಷ್ಟವಾದವರು ಇವರೇ. ಯಾವ ಆದೇಶವೂ ಇಲ್ಲದೆ, ಯಾವ ಲಾಭವೂ ಇಲ್ಲದೆ, ಬಸ್ಸು ಹಿಡಿದು ಖಾಲಿ ಕ್ರೀಡಾಂಗಣಕ್ಕೆ ಹೋಗಿ ಕೂರುತ್ತಿದ್ದವರು. ಇವತ್ತಿಗೂ ಆ ಕ್ಲಬ್ಬಿಗೆ ‘ಬೂದು ಗೂಬೆಗಳು’ ಎಂಬ ಅಡ್ಡಹೆಸರು ಉಳಿದಿದೆ. ಹಣ ಕೊಟ್ಟವರು ಇಟ್ಟ ಹೆಸರು ಮುಂದೆ ಬದಲಾಯಿತು, ಬೆಂಚಿನ ಮೇಲೆ ಕೂತವರು ಇಟ್ಟ ಹೆಸರು ಉಳಿಯಿತು.

2011ರ ನವೆಂಬರಿನಲ್ಲಿ ಅವ್ಜಿಯವರನ್ನು ರಾಷ್ಟ್ರೀಯ ತಂಡ ಕರೆದುಕೊಂಡಿತು. ಗುರು ಹೋದ ಮೇಲೆ ಮನೆ ಅಲುಗಾಡಿತು. 2013ರಲ್ಲಿ ತಂಡ ಕೆಳದರ್ಜೆಗೆ ಇಳಿಯಿತು. ಮರು ವರ್ಷವೇ, 2014ರಲ್ಲಿ, ಆ ದರ್ಜೆಯನ್ನು ಗೆದ್ದು ಮೇಲೆ ಬಂತು. ಅದೇ ವರ್ಷ ಫುಟ್ಬಾಲ್ ವಿಭಾಗವನ್ನು ಪಾಲಿಕೆಯಿಂದ ಬೇರ್ಪಡಿಸಿ ಖಾಸಗಿ ಕಂಪನಿ ಮಾಡಲಾಯಿತು. ಹೊಸ ಹೆಸರು ‘ಇಸ್ತಾಂಬುಲ್ ಬಶಾಕ್‌ಶೆಹಿರ್’. ಪಾಲಿಕೆಯ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಗೊಕ್ಸೆಲ್ ಗುಮುಶ್‌ದಾ ಅವರೇ ಹೊಸ ಕ್ಲಬ್ಬಿಗೂ ಅಧ್ಯಕ್ಷರಾದರು. ಕಿತ್ತಳೆ ಮತ್ತು ಕಡುನೀಲಿ ಬಣ್ಣಗಳು ಹಾಗೆಯೇ ಮುಂದುವರಿದವು. ಅವ್ಜಿಯವರೂ ಮರಳಿ ಬಂದರು. ಉಳಿದ ಆಟಗಳನ್ನು ಪಾಲಿಕೆಯ ಕ್ಲಬ್ಬು ತನ್ನಲ್ಲೇ ಉಳಿಸಿಕೊಂಡಿತು.

ಬಶಾಕ್ ಎಂದರೆ ತೆನೆ. ತೆನೆಯೂರು ಎಂದು ನಾವು ಅನುವಾದಿಸಿಕೊಳ್ಳಬಹುದು. ಇದು ಇಸ್ತಾಂಬುಲಿನ ಪಶ್ಚಿಮ ಅಂಚಿನ ಹೊಸ ಬಡಾವಣೆ. 1990ರ ದಶಕದಲ್ಲಿ ಪಾಲಿಕೆಯ ವಸತಿ ಕಂಪನಿ ಅಲ್ಲಿ ಸಾಲು ಸಾಲು ಮನೆಗಳನ್ನು ಕಟ್ಟಿಸಿತು. 2008ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿ ಸುಮಾರು 17 ಸಾವಿರ ಜನ ಕೂರುವ ಫಾತಿಹ್ ತೆರಿಮ್ ಕ್ರೀಡಾಂಗಣವನ್ನು ತಂಡಕ್ಕೆ ಕೊಡಲಾಯಿತು. 2014ರ ಜುಲೈ 26ರಂದು ಅದರ ಉದ್ಘಾಟನೆ. ಆಗ ಪ್ರಧಾನಿಯಾಗಿದ್ದು ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಎರ್ದೊಆನ್ ಅವರು 12ನೇ ನಂಬರಿನ ಅಂಗಿ ತೊಟ್ಟು ಪ್ರದರ್ಶನ ಪಂದ್ಯದಲ್ಲಿ ಆಡಿ ಮೂರು ಗೋಲು ಹೊಡೆದರು. ಆ ಮೇಲೆ ಕ್ಲಬ್ಬು ಆ ನಂಬರನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಫುಟ್ಬಾಲಿನಲ್ಲಿ 12ನೇ ಆಟಗಾರ ಎಂದರೆ ಪ್ರೇಕ್ಷಕ ಎಂಬ ಮಾತಿದೆ, ಎಷ್ಟೋ ಕ್ಲಬ್ಬುಗಳು ಆ ನಂಬರನ್ನು ಅಭಿಮಾನಿಗಳಿಗೆ ಮೀಸಲಿಡುತ್ತವೆ. ಇಲ್ಲಿ ಅದು ನಾಯಕರಿಗೆ ಹೋಯಿತು. ಇದು ಆಳುವವರಿಗೆ ಹತ್ತಿರದ ಕ್ಲಬ್ಬು ಎಂಬ ಟೀಕೆ ಬೇರೆ ತಂಡಗಳ ಅಭಿಮಾನಿಗಳಿಂದ ಆಗಿನಿಂದಲೂ ಕೇಳಿಬರುತ್ತಿದೆ.

ಟೀಕೆ ಇರಲಿ, ಆಟವನ್ನು ನೋಡೋಣ. ಮೇಲೆ ಬಂದ ಮೊದಲ ಎರಡು ವರ್ಷ ನಾಲ್ಕನೇ ಸ್ಥಾನ. 2016-17ರಲ್ಲಿ ಬೆಶಿಕ್ತಾಶ್ ಹಿಂದೆ ಎರಡನೇ ಸ್ಥಾನ. ಅದೇ ವರ್ಷ ಟರ್ಕಿ ಕಪ್ಪಿನ ಫೈನಲಿನಲ್ಲಿ ಕೋನ್ಯಾಸ್ಪೋರ್ ಎದುರು ಮತ್ತೆ ಪೆನಾಲ್ಟಿಗಳಲ್ಲಿ ಸೋಲು. 2018-19ರಲ್ಲಿ ಬಹಳ ಕಾಲ ಮುಂದಿದ್ದು ಕೊನೆಗೆ ಎರಡೇ ಅಂಕಗಳಿಂದ ಗಲತಸರಾಯ್‌ಗೆ ಪಟ್ಟ ಬಿಟ್ಟುಕೊಟ್ಟಿತು. ಗಲತಸರಾಯ್ 69, ಇವರು 67. ಅಲ್ಲಿಗೆ ಅವ್ಜಿಯವರೂ ಬೆಶಿಕ್ತಾಶ್‌ಗೆ ಹೊರಟರು.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಈ ಯಶಸ್ಸು ಬರೀ ಹಣದಿಂದ ಬಂದದ್ದಲ್ಲ. ಟರ್ಕಿಯ ದೊಡ್ಡ ಕ್ಲಬ್ಬುಗಳಲ್ಲಿ ನಾಲ್ಕು ಪಂದ್ಯ ಸೋತರೆ ಕೋಚ್ ಮನೆಗೆ ಹೋಗಬೇಕಾಗುತ್ತದೆ. ಲಕ್ಷಾಂತರ ಅಭಿಮಾನಿಗಳ ಕೂಗು, ಪತ್ರಿಕೆಗಳ ಒತ್ತಡ. ಈ ಕ್ಲಬ್ಬಿನಲ್ಲಿ ಅವ್ಜಿಯವರು ಎರಡು ಅವಧಿಗಳಲ್ಲಿ ಹತ್ತು ವರ್ಷ ಕೆಲಸ ಮಾಡಿದರು. ಪ್ರೇಕ್ಷಕರಿಲ್ಲದ್ದು ಒಂದು ರೀತಿಯಲ್ಲಿ ಅನುಕೂಲವೂ ಆಯಿತು, ಗುರುವಿಗೆ ಸಮಯ ಸಿಕ್ಕಿತು. ಬೋಸ್ನಿಯಾದ ಎದಿನ್ ವಿಷ್ಚಾ ಎಂಬ ಯುವಕ 2011ರಲ್ಲಿ ಸರಾಯೆವೊದಿಂದ ಬಂದವನು. ತಂಡ ಕೆಳದರ್ಜೆಗೆ ಇಳಿದಾಗಲೂ ಬಿಟ್ಟು ಹೋಗಲಿಲ್ಲ. ಹತ್ತು ವರ್ಷ ಅಲ್ಲೇ ಆಡಿ ದೇಶದ ಉತ್ತಮ ಆಟಗಾರರಲ್ಲಿ ಒಬ್ಬನಾದ. ದಿಯಾರ್‌ಬಕಿರ್‌ನಲ್ಲಿ ಹುಟ್ಟಿದ ಮಹ್ಮುತ್ ತೆಕ್‌ದೆಮಿರ್ ಬಲ್ದಿಯಾ ಕ್ಲಬ್ಬಿನ ಕಿರಿಯರ ವಿಭಾಗದಲ್ಲೇ ಬೆಳೆದು ಅದರ ನಾಯಕನಾದ. ಬಲ್ದಿಯಾ ತಂಡದಿಂದ ಆದ ನಿಜವಾದ ಪ್ರಯೋಜನ ಇದು. ಸಹನೆ ಮತ್ತು ತರಬೇತಿ ಇದ್ದರೆ ಸಾಮಾನ್ಯ ಹುಡುಗನೂ ಬೆಳೆಯುತ್ತಾನೆ. ಶಿಕ್ಷಕರಾದ ನಾವು ಇದನ್ನು ಬೇಗ ಒಪ್ಪಬೇಕು, ಏಕೆಂದರೆ ಒಂದು ಪರೀಕ್ಷೆಯ ಅಂಕ ನೋಡಿ ಹುಡುಗನ ಹಣೆಬರಹ ಬರೆದುಬಿಡುವ ಅಭ್ಯಾಸ ನಮ್ಮಲ್ಲೂ ಇದೆ.

ಈಗ 2020ಕ್ಕೆ ಬರೋಣ. ಓಕಾನ್ ಬುರುಕ್ ಕೋಚ್. ಕೊರೋನಾ ಪಿಡುಗಿನಿಂದ ಲೀಗ್ ನಿಂತು, ಮತ್ತೆ ಆರಂಭವಾದಾಗ ಎಲ್ಲ ಕ್ರೀಡಾಂಗಣಗಳ ಬಾಗಿಲೂ ಜನರಿಗೆ ಮುಚ್ಚಿತ್ತು. ಜುಲೈ 19ರಂದು ಕೈಸೇರಿಸ್ಪೋರ್ ತಂಡವನ್ನು 1-0 ಅಂತರದಲ್ಲಿ ಸೋಲಿಸಿದ ಬಶಾಕ್‌ಶೆಹಿರ್, ಇನ್ನೊಂದು ಪಂದ್ಯ ಬಾಕಿ ಇರುವಾಗಲೇ ಟರ್ಕಿಯ ಚಾಂಪಿಯನ್ ಆಯಿತು. ಆ ಗೋಲು ಹೊಡೆದವನು ಅದೇ ಮಹ್ಮುತ್, ಬಲ್ದಿಯಾ ಮೈದಾನದಲ್ಲಿ ಬೆಳೆದ ಹುಡುಗ. 1959ರಲ್ಲಿ ಆರಂಭವಾದ ಆ ದೇಶದ ಲೀಗನ್ನು ಅಲ್ಲಿಯವರೆಗೆ ಗೆದ್ದಿದ್ದದ್ದು ಐದೇ ಕ್ಲಬ್ಬುಗಳು. ಇಸ್ತಾಂಬುಲಿನ ಮೂರು ದೊಡ್ಡವರು, ಟ್ರಾಬ್ಜೋನ್‌ಸ್ಪೋರ್ ಮತ್ತು ಬುರ್ಸಾಸ್ಪೋರ್. ಇದು ಆರನೆಯದು.

ವಿಧಿಯ ಆಟ ನೋಡಿ. ಪ್ರೇಕ್ಷಕರೇ ಇಲ್ಲದ ತಂಡ ಎಂದು ವರ್ಷಗಟ್ಟಲೆ ಗೇಲಿಗೆ ಒಳಗಾದ ತಂಡ ಪಟ್ಟ ಗೆದ್ದದ್ದು ದೇಶದ ಎಲ್ಲ ತಂಡಗಳೂ ಖಾಲಿ ಕುರ್ಚಿಗಳ ಮುಂದೆ ಆಡುತ್ತಿದ್ದ ಕಾಲದಲ್ಲಿ. ಅದೇ ವರ್ಷ ನವೆಂಬರ್ 4ರಂದು ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಇಸ್ತಾಂಬುಲಿನಲ್ಲಿ 2-1ರಿಂದ ಸೋಲಿಸಿತು. ಡೆಂಬಾ ಬಾ ಒಂದು ಗೋಲು, ವಿಷ್ಚಾ ಒಂದು ಗೋಲು. ಕ್ಲಬ್ಬಿನ ಇತಿಹಾಸದ ಅತಿ ದೊಡ್ಡ ರಾತ್ರಿಗಳಲ್ಲಿ ಅದೊಂದು. ಆ ರಾತ್ರಿಯೂ ಕುರ್ಚಿಗಳು ಖಾಲಿ.

ಆದರೆ ಪ್ರಪಂಚ ಈ ತಂಡದ ಹೆಸರನ್ನು ನೆನಪಿಟ್ಟುಕೊಂಡದ್ದು ಗೆದ್ದ ಪಂದ್ಯದಿಂದಲ್ಲ, ಆಡದೆ ಹೊರಬಂದ ಪಂದ್ಯದಿಂದ. 2020ರ ಡಿಸೆಂಬರ್ 8, ಪ್ಯಾರಿಸ್. ಎದುರಾಳಿ ಪ್ಯಾರಿಸ್ ಸೇಂಟ್ ಜರ್ಮೈನ್. ಪಂದ್ಯ ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ. ಬಶಾಕ್‌ಶೆಹಿರ್‌ನ ಸಹಾಯಕ ಕೋಚ್ ಪಿಯರ್ ವೆಬೊ ಕ್ಯಾಮರೂನ್ ದೇಶದವರು. ಬಲ್ದಿಯಾ ಹೆಸರಿದ್ದ ಕಾಲದಲ್ಲಿ ಇದೇ ತಂಡಕ್ಕೆ ಆಡಿದ್ದವರು. ಬೆಂಚಿನ ಬಳಿ ಅವರ ವರ್ತನೆಯ ಬಗ್ಗೆ ರೆಫರಿಗೆ ತಿಳಿಸುವಾಗ ರುಮೇನಿಯಾದ ನಾಲ್ಕನೇ ಅಧಿಕಾರಿ ಅವರನ್ನು ತನ್ನ ಭಾಷೆಯಲ್ಲಿ ‘ಕರಿಯ’ ಎಂದು ಗುರುತಿಸಿದ. ವೆಬೊ ಪ್ರತಿಭಟಿಸಿದರು, ಅವರಿಗೇ ಕೆಂಪು ಕಾರ್ಡ್ ಸಿಕ್ಕಿತು. ಬೆಂಚಿನಲ್ಲಿದ್ದ ಡೆಂಬಾ ಬಾ ಎದ್ದು ಬಂದು ಪ್ರಶ್ನೆ ಹಾಕಿದ. ಬಿಳಿಯ ಮನುಷ್ಯನನ್ನು ತೋರಿಸುವಾಗ ನೀವು ‘ಆ ಬಿಳಿಯ’ ಎನ್ನುವುದಿಲ್ಲ, ಹಾಗಿದ್ದ ಮೇಲೆ ಇವರಿಗೆ ಮಾತ್ರ ಏಕೆ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಇಸ್ತಾಂಬುಲಿನ ತಂಡ ಮೈದಾನ ಬಿಟ್ಟು ಹೊರನಡೆಯಿತು. ಪ್ಯಾರಿಸಿನ ಆಟಗಾರರೂ ಅವರ ಹಿಂದೆಯೇ ಹೋದರು. ಆ ರಾತ್ರಿ ಪಂದ್ಯ ಮುಂದುವರಿಯಲಿಲ್ಲ.

ಮರುದಿನ ಬೇರೆ ಅಧಿಕಾರಿಗಳನ್ನು ನೇಮಿಸಿ ಪಂದ್ಯ ಮುಗಿಸಲಾಯಿತು. ಆಟಕ್ಕೆ ಮುಂಚೆ ಎರಡೂ ತಂಡದವರು ಒಟ್ಟಿಗೆ ಮೊಣಕಾಲೂರಿ ಪ್ರತಿಭಟನೆ ಸೂಚಿಸಿದರು. ಬಶಾಕ್‌ಶೆಹಿರ್ 5-1ರಿಂದ ಸೋತಿತು. ವಿಚಾರಣೆಯಲ್ಲಿ ಆ ಅಧಿಕಾರಿಗೆ ಜನಾಂಗ ದ್ವೇಷದ ಉದ್ದೇಶವಿತ್ತು ಎಂದು ತೀರ್ಮಾನವಾಗಲಿಲ್ಲ. ಅನುಚಿತ ವರ್ತನೆಗಾಗಿ ಋತುವಿನ ಕೊನೆಯವರೆಗೆ ಅಮಾನತು ಮಾಡಿದರು. ಭಾಷೆ ಕಲಿಸುವವನಾಗಿ ನನಗೆ ಇದರಲ್ಲಿ ದೊಡ್ಡ ಪಾಠ ಕಾಣುತ್ತದೆ. ನಿಘಂಟು ತೆಗೆದರೆ ಆ ಶಬ್ದಕ್ಕೆ ಬರೀ ಒಂದು ಬಣ್ಣದ ಅರ್ಥ ಸಿಗುತ್ತದೆ. ಆದರೆ ಹೆಸರಿರುವ ಮನುಷ್ಯನನ್ನು ಬಣ್ಣದಿಂದ ಕರೆದಾಗ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ, ಕೇಳಿದವನ ಎದೆಯಲ್ಲಿ ಇರುತ್ತದೆ. ವಿದ್ಯಾರ್ಥಿಗಳೇ, ನಮ್ಮ ಆಟದ ಮೈದಾನಗಳಲ್ಲಿ ಕಾಲಿಯಾ, ಕುಳ್ಳ, ಮೋಟು ಎಂಬ ಕೂಗು ದಿನವೂ ಕೇಳುತ್ತದೆ. ತಮಾಷೆಗೆ ಎನ್ನುತ್ತೀರಿ. ತಮಾಷೆಯೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕು ಕರೆದವನಿಗಿಲ್ಲ, ಕರೆಸಿಕೊಂಡವನಿಗಿದೆ. ಒಬ್ಬ ಜೊತೆಗಾರನಿಗಾಗಿ ಇಡೀ ತಂಡ ಎದ್ದು ಹೋಯಿತು. ನಿಮ್ಮ ತರಗತಿಯಲ್ಲಿ ಒಬ್ಬನಿಗೆ ಅವಮಾನವಾದಾಗ ಎಷ್ಟು ಜನ ಏಳುತ್ತೀರಿ?

ಆ ಮೇಲಿನ ಕಥೆ ಚಿಕ್ಕದು. ಪಟ್ಟ ಗೆದ್ದ ಮರು ಋತುವಿನಲ್ಲೇ ತಂಡ ತೀರಾ ಕೆಳಗೆ ಜಾರಿ, ದರ್ಜೆ ಉಳಿಸಿಕೊಳ್ಳಲು ಹೆಣಗಬೇಕಾಯಿತು. 2021ರ ಜನವರಿಯಲ್ಲಿ ಬುರುಕ್ ಹೊರಟರು. 2022ರ ಜನವರಿಯಲ್ಲಿ ವಿಷ್ಚಾ ಟ್ರಾಬ್ಜೋನ್‌ಸ್ಪೋರ್‌ಗೆ ಹೋದ. 2023ರಲ್ಲಿ ಮತ್ತೊಮ್ಮೆ ಟರ್ಕಿ ಕಪ್ಪಿನ ಫೈನಲ್ ತಲುಪಿ ಫೆನೆರ್‌ಬಾಚೆಗೆ 2-0ಯಿಂದ ಸೋತಿತು. ಬಲ್ದಿಯಾ ಕಾಲದ್ದನ್ನೂ ಸೇರಿಸಿದರೆ ಕಪ್ಪಿನ ಫೈನಲಿನಲ್ಲಿ ಅದು ಮೂರನೇ ಸೋಲು.

ಈ ಇತಿಹಾಸವನ್ನು ನಾನು ಸಂಘದ ಸದಸ್ಯರ ಮುಂದೆ ಹೇಳಿದ್ದಕ್ಕೆ ಕಾರಣವಿದೆ. ಇದರಲ್ಲಿ ಎರಡು ಪ್ರಶ್ನೆಗಳಿವೆ.

ಮೊದಲನೆಯದು ಲೆಕ್ಕದ ಪ್ರಶ್ನೆ. 24 ವರ್ಷ ಆ ತಂಡ ಊರಿನ ತೆರಿಗೆಯ ಆಸರೆಯಲ್ಲಿ ಬೆಳೆಯಿತು. ನೀರಿನ ಬಿಲ್ಲು ಕಟ್ಟುವ ವಿಧವೆ, ಬಸ್ಸಿನ ಟಿಕೇಟು ಕೊಳ್ಳುವ ಕೂಲಿಕಾರ ಎಲ್ಲರ ಪಾಲಿಕೆ ಅದು. ಒಂದು ದಿನ ಅದು ಕಂಪನಿಯಾದಾಗ ಅವರಲ್ಲಿ ಎಷ್ಟು ಜನರನ್ನು ಕೇಳಿದರು? ಎಷ್ಟು ಜನ ತಾವಾಗಿ ಕೇಳಿದರು? ಕೇಳದೇ ಇರಲು ಕಾರಣ ಸ್ಪಷ್ಟ. ಅದು ತಮ್ಮದು ಎಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ. ತನ್ನದಲ್ಲದ ವಸ್ತು ಕೈ ಬದಲಾದರೆ ಯಾರಿಗೆ ನೋವು? ಗಲತಸರಾಯ್ ಹೆಸರು ಬದಲಿಸಿ ಬೇರೆ ಬಡಾವಣೆಗೆ ಸಾಗಿಸುತ್ತೇವೆ ಎಂದು ಯಾರಾದರೂ ಹೇಳಿ ನೋಡಲಿ, ಇಸ್ತಾಂಬುಲಿನ ಬೀದಿ ತುಂಬಿಹೋಗುತ್ತದೆ. ಬಲ್ದಿಯಾ ತಂಡ ಹೋದಾಗ ಬೀದಿ ಬೀದಿಯಂತೆಯೇ ಇತ್ತು.

ಸಾರ್ವಜನಿಕ ಅಧಿಕಾರ ಮತ್ತು ಕ್ಲಬ್ಬು ಬೆರೆತರೆ ಏನಾಗಬಹುದು ಎಂಬುದಕ್ಕೆ ಅಲ್ಲಿಯದೇ ಇನ್ನೊಂದು ಉದಾಹರಣೆ ಇದೆ. ರಾಜಧಾನಿ ಅಂಕಾರಾದ ಪಾಲಿಕೆಯ ನಂಟಿದ್ದ ಅಂಕಾರಾಸ್ಪೋರ್ ತಂಡವನ್ನು 2009ರಲ್ಲಿ ಲೀಗಿನಿಂದಲೇ ತೆಗೆದುಹಾಕಿದರು. ಅದೇ ಊರಿನ ಹಳೆಯ ಕ್ಲಬ್ಬಾದ ಅಂಕಾರಾಗುಜುವಿನ ಆಡಳಿತವೂ ಅದೇ ವಲಯದವರ ಕೈಗೆ ಹೋಗಿತ್ತು. ಒಂದೇ ಲೀಗಿನ ಎರಡು ತಂಡಗಳ ಹಗ್ಗ ಒಂದೇ ಕೈಯಲ್ಲಿ ಇರಬಾರದು ಎಂಬುದು ನಿಯಮ. ಅಂಕಾರಾಸ್ಪೋರ್‌ನ ಪಂದ್ಯಗಳನ್ನೆಲ್ಲ 3-0 ಸೋಲು ಎಂದು ಬರೆದುಕೊಂಡರು. ಬೆವರು ಸುರಿಸಿದ ಆಟಗಾರರ ತಪ್ಪೇನಿತ್ತು? ಮೇಲಿನವರು ನಿಯಮ ಮರೆತರೆ ದಂಡ ತೆರುವವರು ಕೆಳಗಿನವರು.

ಎರಡನೆಯದು ಜನರ ಪ್ರಶ್ನೆ. ದುಡ್ಡೇ ದೊಡ್ಡಪ್ಪ ಎಂಬ ಗಾದೆ ನಮ್ಮಲ್ಲಿದೆ. ದುಡ್ಡಿನಿಂದ ಕ್ರೀಡಾಂಗಣ ಬಂತು, ಆಟಗಾರರು ಬಂದರು, ಪಟ್ಟವೂ ಬಂತು. ದುಡ್ಡಿನಿಂದ ಬಾರದೆ ಇದ್ದದ್ದು ಬೆಂಚಿನ ಮೇಲೆ ಕೂರುವ ಮನುಷ್ಯ. ಒಂದು ಸಂಸ್ಥೆಯನ್ನು ಆದೇಶದಿಂದ ಹುಟ್ಟಿಸಬಹುದು, ನಮ್ಮದು ಎನ್ನುವ ಭಾವನೆಯನ್ನು ಆದೇಶದಿಂದ ಹುಟ್ಟಿಸಲಾಗದು. ಅದು ಬರುವುದು ಕೆಲಸ ಹಂಚಿಕೊಂಡಾಗ, ಕಷ್ಟದಲ್ಲಿ ಹೆಗಲು ಕೊಟ್ಟಾಗ, ಅಪ್ಪ ಮಗನ ಕೈ ಹಿಡಿದು ಕರೆದುಕೊಂಡು ಹೋದಾಗ. ಅದಕ್ಕೆ ಸಮಯ ಬೇಕು. ಬಶಾಕ್‌ಶೆಹಿರ್‌ನ ಹೊಸ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ನಾಳೆ ದೊಡ್ಡವರಾಗಿ ತಮ್ಮ ಮಕ್ಕಳನ್ನು ಆ ಕ್ರೀಡಾಂಗಣಕ್ಕೆ ಕರೆದೊಯ್ಯಲೂಬಹುದು. ಹಾಗಾದರೆ ಆ ಕ್ಲಬ್ಬಿಗೆ ನಿಜವಾದ ಮಾಲೀಕರು ಆಗ ಸಿಗುತ್ತಾರೆ.

ನಮ್ಮ ಸಂಘಕ್ಕೂ ಶಾಲೆಗೂ ಇದನ್ನು ಹೋಲಿಸಿ ನೋಡಿ. ಕಟ್ಟಡವಿದೆ, ಫಲಕವಿದೆ, ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿದೆ. ವಾರ್ಷಿಕ ಸಭೆಗೆ ಎಷ್ಟು ಕುರ್ಚಿ ತುಂಬುತ್ತವೆ? ಲೆಕ್ಕಪತ್ರ ಓದುವಾಗ ಎಷ್ಟು ಜನ ಎಚ್ಚರವಾಗಿ ಕೇಳುತ್ತಾರೆ? ಹಿರಿಯರೇ, ಲೆಕ್ಕ ಕೇಳುವವನನ್ನು ವಿರೋಧಿ ಎಂದು ಭಾವಿಸಬೇಡಿ, ಅವನೇ ನಿಜವಾದ ಸದಸ್ಯ. ಸದಸ್ಯರೇ, ವರ್ಷದ ಚಂದಾ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಒಂದು ಸಂಜೆ ಬಂದು ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಿ. ವಿದ್ಯಾರ್ಥಿಗಳೇ, ನಿಮಗಾಗಿ ಯಾರೋ ತಂಡ ಕಟ್ಟಿಕೊಡಲಿ ಎಂದು ಕಾಯಬೇಡಿ. 1905ರಲ್ಲಿ ಗಲತಸರಾಯ್ ಶಾಲೆಯ ಹುಡುಗರು ಕಾಯಲಿಲ್ಲ. ಒಂದು ಚೆಂಡು, ಒಂದು ಹೆಸರು, ಎದ್ದು ನಿಲ್ಲುವ ಹನ್ನೊಂದು ಜನ, ಆರಂಭಕ್ಕೆ ಇಷ್ಟು ಸಾಕು.

ಈ ಸಭಾಂಗಣದಲ್ಲಿ ಇವತ್ತು ಹಿಂದಿನ ಸಾಲುಗಳೂ ತುಂಬಿರುವುದನ್ನು ಕಂಡು ನನಗೆ ಸಂತೋಷವಾಗಿದೆ. ಬಹುಮಾನ ವಿತರಣೆ ಮುಗಿದ ನಂತರ ಲೆಕ್ಕಪತ್ರ ಮಂಡನೆ ಇದೆ. ಆಗಲೂ ಅವು ತುಂಬಿಯೇ ಇರಲಿ ಎಂದು ಕೋರಿ, ನನ್ನ ಮಾತನ್ನು ಮುಗಿಸುತ್ತೇನೆ.